ಅಕ್ಕಿಕಾಳು ಉಂಡ ಜಪಾನಿನ ಹೊದಿಕೆ

ಅಕ್ಕಲಕೋಟದ ಬಸ್ಸಿನಿಂದ ವಳಸಂಗದಲ್ಲಿ ಇಳಿದು ದೊಡ್ಡವ್ವನ ಮನೆಗೆ ಹೋದೆ. ಜಪಾನಿನಲ್ಲಿ ಕೊಂಡು ತಂದ, ತೇಪೆಗಳ ಹಳೆಯ ಹೊದಿಕೆಯನ್ನು ಅವಳ ಮುಂದೆ ಹಾಸಿದೆ. ಆ ದೇಶದ ಹಳೆಯ ಬಟ್ಟೆ ಸಂಗ್ರಹಿಸುವ ಹುಚ್ಚು ನನಗೆ ಹತ್ತಿದ್ದೇ ಚಿಕ್ಕಂದಿನಲ್ಲಿ ಹೊದ್ದು ಮಲಗಿದ, ಇವಳೇ ಹೊಲಿದ ಕೌದಿಯಿಂದ. ಹಾಗಾಗಿ ಇವಳು ಮೆಚ್ಚಬೇಕಿತ್ತು.

ದೊಡ್ಡವ್ವ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಕೈ ಬರೋಬರಿ ಐತಿ. ಆದ್ರ ಮೂಲ್ಯಾಗ ರೊಟ್ಟಿ ಚೂರು ಇಟ್ಟಿಲ್ಲ. ಕೌದಿ ಉಪಾಸ ಇದ್ರ ಹೊಚ್ಚಿಕೊಂಡಾವ್ರಿಗೆ ಬೆಚ್ಚಗ ಹ್ಯಾಂಗ ಆಗತೈತಿ?"

"ಅವ್ರು ರೊಟ್ಟಿ ತಿನ್ನಂಗಿಲ್ಲ, ದೊಡ್ಡವ್ವ."

"ಅನ್ನಾರ ತಿಂತಾರಿಲ್ಲೋ?"

ಬಿಚ್ಚಿಹೋಗಿದ್ದ ಮೂಲೆಯೊಳಗೆ ನಾಲ್ಕು ಅಕ್ಕಿಕಾಳು ಇಟ್ಟು ಸೂಜಿ ಕೇಳಿದಳು. ಇಂಥ ಹಳೆಯ ಬಟ್ಟೆಗೆ ಹೊಸ ಹೊಲಿಗೆ ಹಾಕಬಾರದೆಂದು ಗೊತ್ತಿದ್ದೂ ದಾರ ಪೋಣಿಸಿ ಕೊಟ್ಟೆ.

ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದೆ. ಜಪಾನಿನ ಹೊಲಿಗೆ ಎಲ್ಲಿ ನಿಂತಿತು, ನಮ್ಮ ದೊಡ್ಡವ್ವನದು ಎಲ್ಲಿ ಶುರುವಾಯಿತು ಎಂದು ನನಗೇ ಗೊತ್ತಾಗಲಿಲ್ಲ.