ದಾನಿಯೇಲಪ್ಪನ ಶ್ರುತಿ

ಬನಹಟ್ಟಿಯ ದಾನಿಯೇಲಪ್ಪ ಚರ್ಚಿನಲ್ಲಿ ‘ಹಲ್ಲೆಲೂಯ’ ಎಂದು ದನಿ ಎತ್ತಿದರೆ, ಜಮಖಂಡಿ ಬಸ್ಸಿನ ಡ್ರೈವರು ಬೆನ್ನಿಗೆ ಲಾರಿ ಬಂತೆಂದು ದಾರಿ ಬಿಡುತ್ತಿದ್ದನಂತೆ. ವಾರವಿಡೀ ಪವರ್‌ಲೂಮಿನ ಗದ್ದಲದ ಮೇಲೆ ಕೂಗಿ ಮಾತಾಡಿ ಪಳಗಿದ ಗಂಟಲು ಅದು. ಭಾನುವಾರ ಅದಕ್ಕೆ ಎದುರಾಳಿಯೇ ಇರುತ್ತಿರಲಿಲ್ಲ. ಸಭೆಯ ಹಾಡು ನಡೆಸುವ ಹೊಣೆ ಅವನದು. ಆದರೆ ಅವನು ಹಿಡಿದ ಶ್ರುತಿಗೆ ಏರಲಾರದೆ ಸಭೆ ಎರಡನೇ ಸಾಲಿಗೇ ಬಾಯಿ ಮುಚ್ಚಿ ಅವನ ಕಚೇರಿ ಕೇಳುತ್ತ ಕೂಡುತ್ತಿತ್ತು. ‘ದೇವರಿಗೆ ಕಿವಿ ಛಲೋ ಅದಾವ್ರಿ, ನಮಗೂ ಒಂದೀಟು ಹಾಡಾಕ ಬಿಡ್ರಿ’ ಎಂದು ಹೆಂಡತಿ ಸುಗಂಧವ್ವ ಚುಚ್ಚಿದ ದಿನ ಅವನಿಗೆ ಹಠ ಹುಟ್ಟಿತು: ಸಭೆಯನ್ನು ಹಾಡಿಸಿಯೇ ತೀರಬೇಕು. ಅಂದಿನಿಂದ ಓಡುವ ಮಗ್ಗದ ಪಕ್ಕ ನಿಂತು, ಶ್ರುತಿ ಇಳಿಸಿ, ತನಗೇ ಕೇಳಿಸದಷ್ಟು ಮೆಲ್ಲಗೆ ಹಾಡುವ ಘೋರ ತಪಸ್ಸು ಶುರುವಾಯಿತು. ಜೊತೆಯ ನೇಕಾರರು ನಕ್ಕರು, ಅವನು ಜಗ್ಗಲಿಲ್ಲ. ಮೊನ್ನೆ ಭಾನುವಾರ ಹಾಡನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಹಿಡಿದು, ಮೈಕಿನಿಂದ ಹಿಂದೆ ಸರಿದು ನಿಂತ. ಗಂಡ ತೀರಿದಾಗಿನಿಂದ ಹಾಡೇ ಬಿಟ್ಟಿದ್ದ ಮುದುಕಿ ಮಾರ್ತವ್ವ ಕೊನೆಯ ಬೆಂಚಿನಲ್ಲಿ ತುಟಿ ಬಿಚ್ಚಿದಳು; ಅವಳ ಜೊತೆಗೆ ಇಡೀ ಸಭೆ ದನಿಗೂಡಿಸಿತು. ಪಾಸ್ಟರು ಮಾತ್ರ ಗಾಬರಿಯಾಗಿ, ‘ಗಂಟಲಿಗೆ ಏನಾತಪ್ಪಾ?’ ಎಂದರು. ‘ಏನೂ ಆಗಿಲ್ರಿ,’ ಅಂದ ದಾನಿಯೇಲಪ್ಪ. ‘ಮಾರ್ತವ್ವಗ ಅಷ್ಟ ಎತ್ತರ ನಿಲುಕೂದಿಲ್ಲ, ಅದಕ್ಕ ಇಳಿಸೇನಿ.’