ಅಕ್ಷತೆ ಹಿಡಿದು ಆಮಂತ್ರಣ ವಾಪಸ್

“ಏ ಮುತ್ಯಾ, ಕೊಟ್ಟ ಆಮಂತ್ರಣ ಯಾರರ ವಾಪಸ್ ತಗೋತಾರೇನು?” ಅಂತೀಯಾ? ನನ್ನ ಹೆಂಡತಿ ಕಾಂತಾಬಾಯಿ ತೆಗೆದುಕೊಂಡಿದ್ದಾಳೆ. ಇದೇ ಯೆಣೆಗೂರಿನಲ್ಲಿ, ಮನೆಮನೆಗೆ ಹೋಗಿ. ನಗು, ನಗು. ಆಕೆಯ ಬಾಯಿ ನಿನಗೇನು ಗೊತ್ತು? ಹೊಲದಲ್ಲಿ ನಿಂತು ನನ್ನನ್ನು ಕೂಗಿದರೆ ಹೆದ್ದಾರಿಯಲ್ಲಿ ಸೋಲಾಪುರದ ಬಸ್ಸು ಬ್ರೇಕ್ ಹಾಕುತ್ತದೆ. ಒಮ್ಮೆ ಕಂಡಕ್ಟರ್ ಇಳಿದು ಬಂದು ನನಗೇ ಟಿಕೆಟ್ ಕೇಳಿದ್ದ.

ನಮ್ಮಲ್ಲಿ ಲಗ್ನಕ್ಕೆ ಕರೆಯುವುದೆಂದರೆ ಅಕ್ಷತೆ ಹಿಡಿದು ಬಾಗಿಲಿಗೆ ಬರಬೇಕು. ಈಗ ಫೋನಿನಲ್ಲೂ ಪತ್ರಿಕೆಗಳು ಬರುತ್ತವೆ, ಇರಲಿ. ಬಂದ ಪತ್ರಿಕೆಯನ್ನು ತೆರೆಯದಿದ್ದರೆ ಕಳಿಸಿದವರಿಗೆ ಅವಮಾನ ಅನ್ನುವುದು ಮಾತ್ರ ಹಾಗೇ ಉಳಿದಿದೆ. ಹೋದ ಮಾಘದಲ್ಲಿ ಜಳಕೋಟದ ನನ್ನ ತಂಗಿ ಶೇವಂತಾಬಾಯಿಯ ನಂಬರಿನಿಂದ ‘ಲಗ್ನಪತ್ರಿಕೆ’ ಬಂದಿತು. ಕಾಂತಾಬಾಯಿ ಒತ್ತಿದಳು. ಇನ್‌ಸ್ಟಾಲ್ ಮಾಡಲೇ ಎಂದು ಕೇಳಿತು, ಹೂಂ ಅಂದಳು. ಮೆಸೇಜ್ ಓದಲೇ ಎಂದು ಕೇಳಿತು, ಅದಕ್ಕೂ ಹೂಂ. ಒಳಗೆ ನೋಡಿದರೆ ಮದುಮಗನೂ ಇಲ್ಲ, ಮದುಮಗಳೂ ಇಲ್ಲ. ಕೂಡಲೇ ನಾದಿನಿಗೆ ಫೋನ್ ಹಚ್ಚಿದಳು.

“ಶೇವಂತಾ, ಯಾರ್ದು ಲಗ್ನ ಇಟ್ಟೀರಿ? ಹೆಸರೇ ಕಾಣವಲ್ದು.”

“ಯಾರ್ದೂ ಇಲ್ರೀ ವೈನಿ! ಅದು ಕಳ್ಳರದು. ನೀವೂ ಒತ್ತೀರೇನು? ಅಯ್ಯ ಶಿವನೇ, ಇನ್ನ ನಿಮ್ಮ ಹೆಸರ್ಲೆ ಊರಿಗೆಲ್ಲ ಹೋಗ್ತದ!”

ಕಾಂತಾಬಾಯಿ ಅಳಲಿಲ್ಲ. ಮೊದಲು ನೆಟ್ ಬಂದ್ ಮಾಡಿದಳು, ಸಿಮ್ ತೆಗೆದಳು. ನನ್ನ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಿ ಖಾತೆ ತಡೆಸಿದಳು. ತನ್ನ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಅಷ್ಟರಲ್ಲೇ ಆ ಪತ್ರಿಕೆ ಆಕೆಯ ಹೆಸರಿನಲ್ಲಿ ಊರಿನ ಭಜನಾ ಮಂಡಳಿಯವರಿಗೆಲ್ಲ ಹೋಗಿತ್ತು.

“ನನ್ನ ಹೆಸರು ನಂಬಿ ಒಬ್ಬರು ಒತ್ತಿದ್ರೂ ನಾ ಹ್ಯಾಂಗ ಮಾರಿ ತೋರಿಸ್ಲಿ?”

ನನ್ನ ಫೋನಿನಿಂದ ಮಂಡಳಿಯ ಒಬ್ಬೊಬ್ಬರಿಗೂ ಕರೆ ಮಾಡಿದಳು. ಯಾರೂ ಎತ್ತಲಿಲ್ಲ. ಗೊತ್ತಿಲ್ಲದ ನಂಬರ್ ಎತ್ತಬೇಡಿ ಎಂದು ಪ್ರತಿ ಭಜನೆಯಲ್ಲೂ ಅವರಿಗೆ ಪಾಠ ಹೇಳಿದವಳು ಈಕೆಯೇ! ನನಗೆ ನಗು ಬಂತು. ಆಕೆ ತಿರುಗಿ ನೋಡಿದಳು. ಉಳಿದ ನಗು ಮರುದಿನ ನಕ್ಕೆ.

ನೋಡಿದರೆ ತಾಟಿನಲ್ಲಿ ಅಕ್ಷತೆ ಹಾಕಿಕೊಂಡು ಹೊರಟೇಬಿಟ್ಟಳು.

“ಅದ್ಯಾಕ?” ಅಂದೆ.

“ಫೋನ್ ಹಿಡ್ಕೊಂಡು ಹೋದ್ರ ‘ಆಮ್ಯಾಲ ಬಾ’ ಅಂತಾರ. ಅಕ್ಷತಿ ಕಂಡ್ರ ಒಲಿ ಬಿಟ್ಟು ಎದ್ದು ಬರ್ತಾರ.”

ಎಷ್ಟು ಬಿರುಸು ನಡೆದಳೆಂದರೆ ನೆರಳು ಹಿಂದೆ ಉಳಿಯಿತು. ಚಹಾದ ಹೊತ್ತಿಗೆ ಅದೊಂದೇ ಮನೆಗೆ ಬಂದು ನನ್ನ ಪಕ್ಕ ಕೂತಿತ್ತು. ಪ್ರತಿ ಬಾಗಿಲಲ್ಲೂ ಒಂದೇ ಮಾತು: “ಕರೀಲಿಕ್ಕ ಬಂದಿಲ್ಲ, ಕರದದ್ದು ವಾಪಸ್ ತಗೋಳಿಕ್ಕ ಬಂದೀನಿ. ನನ್ನ ಮುಂದೇ ಅಳಸ್ರಿ.” ಅಳಿಸುವ ತನಕ ಹೊಸ್ತಿಲು ಬಿಡುತ್ತಿರಲಿಲ್ಲ.

ಕೊನೆಗೆ ಭಜನೆ ಹೇಳಿಕೊಡುವ ರಾಚಯ್ಯಸ್ವಾಮಿ. ಕನ್ನಡಕ ಏರಿಸಿಕೊಂಡು ಪತ್ರಿಕೆ ಒತ್ತಲು ಆಗಲೇ ಬೆರಳು ಮುಂದೆ ಚಾಚಿದ್ದರು.

“ಸ್ವಾಮೇರ, ತಡೀರಿ! ಅದನ್ನ ಅಳಸ್ರಿ!”

“ಲಗ್ನಪತ್ರಿಕಿ ಅಳಿಸೋದು ಅಪಶಕುನ ಕಾಂತಾಬಾಯಿ. ಅದೂ ನಿಮ್ಮ ಮನೀದು. ಒಂದೀಟು ನೋಡ್ತೀನಿ.”

“ನಿಮ್ಮ ಬಾಗಿಲಿಗೆ ಬರದೇ ನಾ ಎಂದರ ಕರದೀನೇನ್ರೀ?”

“ಇಲ್ಲ.”

“ಮತ್ತ? ಯಾವ ಲಗ್ನಪತ್ರಿಕಿ ನಿಮ್ಮ ಮೆಸೇಜ್ ಓದ್ಲಿಕ್ಕ ಪರವಾನಗಿ ಕೇಳ್ತದ?”

ಸ್ವಾಮಿಗಳು ಅಳಿಸಿದರು. ಆದರೆ ಮನಸ್ಸು ಒಪ್ಪಲಿಲ್ಲ. ತಾಟಿನಿಂದ ಚೂರು ಅಕ್ಷತೆ ತೆಗೆದು ಈಕೆಯ ತಲೆಯ ಮೇಲೆಯೇ ಹಾಕಿದರು. “ಹಿಡ್ಕೊಂಡು ಬಂದೀರಿ, ಯಾರ ಮ್ಯಾಲರ ಬೀಳಬೇಕಲ್ಲ!”

ಯೆಣೆಗೂರಿನಲ್ಲಿ ಆಕೆಯ ಹೊರತು ಒಬ್ಬರೂ ಒತ್ತಲಿಲ್ಲ. ತನ್ನ ಫೋನನ್ನು ಉಮರ್ಗಾದ ಮೊಬೈಲ್ ಅಂಗಡಿಗೆ ಒಯ್ದು ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ತಂದಳು. ಈಗ ಮಂಡಳಿಯಲ್ಲಿ ಯಾವ ಫೈಲ್ ಬಂದರೂ ಕಳಿಸಿದವರ ದನಿ ಕೇಳಿ ವಿಚಾರಿಸದೆ ಯಾರೂ ಮುಟ್ಟುವುದಿಲ್ಲ. ನನಗೂ ಮೊದಲು ಊಟಕ್ಕೆ ಮಿಸ್ಡ್ ಕಾಲ್ ಬರುತ್ತಿತ್ತು, ಈಗ ಅದೂ ಬಂದ್—

“ಏನ್ರೀ! ರೊಟ್ಟಿ ಆರ್ಲಿಕತ್ಯಾವ! ಬಾಗಿಲಿಗೆ ಬಂದು ಕರೀಲಿಕತ್ತೀನಿ, ಇದು ಖರೇ ಆಮಂತ್ರಣ!”

ಕೇಳಿಸಿತೇ? ಹೆದ್ದಾರಿಯ ಕಡೆ ನೋಡು, ಬಸ್ಸು ನಿಂತಿತು. ಕಂಡಕ್ಟರ್ ಬರುವ ಮೊದಲು ನಾನು ಏಳುತ್ತೇನೆ.