ಕಮಲಿ ತಿಂದ ಪಾಠ

ಪದ್ಮಜಾ ಅಕ್ಕೋರಿಗೆ ಎಮ್ಮೆ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಹಾವೇರಿ ಪೇಟೆಯ ಓಣಿಯಲ್ಲಿ ಹುಟ್ಟಿ ಬೆಳೆದವರು. ಅವರ ಮನೆಗೆ ಹಾಲು ಬರುತ್ತಿದ್ದದ್ದು ಪಾಕೀಟಿನಲ್ಲಿ, ಕೊಂಬಿಲ್ಲದೆ. ಅಂಥವರಿಗೆ ಸರಕಾರ ಶಿಕ್ಷಕಿಯ ನೌಕರಿ ಕೊಟ್ಟದ್ದು ಕರ್ಜಗಿಯ ಆಚೆ, ಮನುಷ್ಯರಿಗಿಂತ ದನಗಳೇ ಹೆಚ್ಚಿರುವ ಒಂದು ಸಣ್ಣ ಊರಿನ ಶಾಲೆಯಲ್ಲಿ. ಬಸ್ಸು ಇಳಿದು ಶಾಲೆ ಮುಟ್ಟುವಷ್ಟರಲ್ಲಿ ಎಮ್ಮೆಯೇನಾದರೂ ಎದುರಿಗೆ ಬಂತೋ, ಯಾರ ಮನೆಯ ಕಟ್ಟೆಯಾದರೂ ಸರಿ, ಹತ್ತಿ ನಿಂತುಬಿಡುತ್ತಿದ್ದರು. "ಬರ್ರಿ ಅಕ್ಕೋರ, ಚಾ ಕುಡೀರಿ" ಎಂದು ಆ ಮನೆಯವರು ಕರೆದರೆ, ಮಾತಾಡಿಸಲಿಕ್ಕೇ ಬಂದವರ ಹಾಗೆ ನಗುತ್ತಿದ್ದರು. ತಮ್ಮ ಅಂಜಿಕೆ ಊರಲ್ಲಿ ಯಾರಿಗೂ ಗೊತ್ತಿಲ್ಲವೆಂದೇ ಅವರ ಭಾವನೆ.

ಎರಡು ಸಾವಿರದ ಐದನೆಯ ಇಸವಿಯ ಮಳೆಗಾಲ. ಎರಡನೇ ಇಯತ್ತೆಯ ಮಕ್ಕಳಿಗೆ ಓದು ಬರಹ ಹಿಡಿಸಲು ಪ್ರಾಣಿಗಳ ಪಾಠ ಒಳ್ಳೆಯದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅಕ್ಕೋರು ಹುರುಪಿನಿಂದ ಸಿಂಹ, ಒಂಟೆ, ಜಿರಾಫೆಗಳ ದೊಡ್ಡ ಚಿತ್ರಪಟ ತಂದು ಗೋಡೆಗೆ ತೂಗುಹಾಕಿದರು. ಮಕ್ಕಳು ಒಮ್ಮೆ ನೋಡಿದರು, ಆಕಳಿಸಿದರು. ಪಾಪ, ಜಿರಾಫೆ ಕಟ್ಟಿಕೊಂಡು ಅವರೇನು ಹೊಲ ಉಳಬೇಕಿತ್ತೇ?

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮನೆಮನೆಯಲ್ಲಿ ಎರೆಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ. ಮರುದಿನ ಮಕ್ಕಳು ಉಗುರಿನಲ್ಲಿ ಮಣ್ಣು ಇಟ್ಟುಕೊಂಡೇ ಶಾಲೆಗೆ ಬಂದರು, ಬಾಯಿತುಂಬ ಎತ್ತಿನದೇ ಮಾತು. "ನಿಮ್ಮನಿ ಎತ್ತಿನ ಹೆಸರೇನೋ?" ಎಂದು ಅಕ್ಕೋರು ಒಬ್ಬನನ್ನು ಕೇಳಿದ್ದೇ ತಡ, ಇಡೀ ವರ್ಗವೇ ಎತ್ತು, ಆಕಳು ಎನ್ನದೆ ಹೆಸರು ಒದರತೊಡಗಿತು. ಕರಿಯಾ, ಮಾರಾ, ರಾಜಾ, ಗೌರಿ! ಹೆಂಚು ಹಾರಿಹೋಗುವ ಹಾಗೆ ಗದ್ದಲ. ಅಕ್ಕೋರಿಗೆ ಖುಷಿಯೋ ಖುಷಿ. ಜಿರಾಫೆಯನ್ನು ಸುರುಳಿ ಸುತ್ತಿ ಕಪಾಟಿನ ಮೇಲೆ ಒಗೆದರು.

ಅಂದಿನಿಂದ ಪಾಠ ಬೇರೆಯಾಯಿತು. ಪ್ರತಿಯೊಬ್ಬರೂ ತಮ್ಮ ಮನೆಯ ದನದ ಹೆಸರು ಬರೆಯಬೇಕು, ಅದು ಏನು ತಿನ್ನುತ್ತದೆ, ಹೇಗೆ ಹಟ ಮಾಡುತ್ತದೆ ಎಂದು ಒಂದು ಸಾಲು ಸೇರಿಸಬೇಕು, ಎಲ್ಲರೆದುರು ಓದಬೇಕು. ಆಡುವ ಮಾತಿನಲ್ಲೇ ಬರೆದರೂ ನಡೆಯುತ್ತದೆ. ಆಮೇಲೆ ಆ ಕಾಗದವನ್ನು ಜೋಳದ ಹಿಟ್ಟು ಕುದಿಸಿದ ಅಂಟಿನಿಂದ ರಟ್ಟಿಗೆ ಹಚ್ಚಿ, ಆಯಾ ದನ ಮೇವು ತಿನ್ನುವ ಗೋದಲಿಯ ಮೇಲೆ ಕಟ್ಟಬೇಕು. ಕಳೆದ ವರ್ಷವೆಲ್ಲ ಪಾಟಿ ಬಳಪ ಕಂಡರೆ ಅಳುತ್ತಿದ್ದ ಹುಡುಗರು "ನಮ್ಮ ಮಾರ ಹಾಯತಾನ" ಎಂದು ಬರೆದು, ತಾವೇ ಕೊಂಬು ಬೀಸಿ ಹಾಯುವವರಂತೆ ಎದೆ ಸೆಟೆಸಿ ಓದಿದರು.

ಗುಡ್ಡವ್ವ ಒಬ್ಬಳೇ ಬಾಯಿ ಬಿಡಲಿಲ್ಲ. ಬರೆಯುವುದೇನೋ ಬರೆಯುತ್ತಿದ್ದಳು, ಬರೆದದ್ದರ ಮೇಲೆ ಕೈ ಮುಚ್ಚಿಕೊಳ್ಳುತ್ತಿದ್ದಳು. ಓದವ್ವಾ ಎಂದರೆ ನೆಲ ನೋಡುತ್ತಿದ್ದಳು. ಅವಳ ಅಪ್ಪ ಶೇಖಪ್ಪನಿಗೆ ಹೊಲದ ಜೊತೆಗೆ ಊರಲ್ಲೊಂದು ಕಿರಾಣಿ ಅಂಗಡಿ. ಅಕ್ಷರ ಬಲ್ಲವನು, ಮಗಳೂ ಬಲ್ಲವಳಾಗಲಿ ಎನ್ನುವವನು. ಒಂದು ದಿನ ಅಕ್ಕೋರನ್ನು ಅಂಗಡಿಯ ಮುಂದೆಯೇ ತಡೆದು ಹೇಳಿದ:

"ಪಂಚಮಿ ತನಕ ನೋಡ್ತೇನ್ರಿ ಅಕ್ಕೋರ. ಅಷ್ಟರಾಗ ಹುಡುಗಿ ಓದಿ ತೋರಸಲಿಲ್ಲಂದ್ರ ಹಾವೇರಿ ಸಾಲಿ ವ್ಯಾನ್ ಹತ್ತಸ್ತೇನಿ. ಅಲ್ಲೆ ಇಂಗ್ಲೀಷ್‌ನ್ಯಾಗ ಕಲಸ್ತಾರ."

ಅಕ್ಕೋರು ಅಂದು ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸಿದರು. ಮನೆಯ ಮಾತಿನಲ್ಲೇ ಬಾಯಿ ತೆರೆಯದ ಕೂಸು, ಗುರುತಿಲ್ಲದ ಮಕ್ಕಳ ನಡುವೆ ಗೊತ್ತಿಲ್ಲದ ಭಾಷೆ ಕೇಳುತ್ತ ಮೂಲೆ ಹಿಡಿದರೆ ಅದನ್ನು ಯಾರು ತಿರುಗಿ ನೋಡುತ್ತಾರೆ? ಆ ಹುಡುಗಿಯ ಮೇಲೆ ಅವರಿಗೆ ಅಷ್ಟು ಮಮತೆ ಯಾಕೆ ಬೆಳೆಯಿತೋ, ಅವರಿಗೇ ತಿಳಿಯದು.

ಪಂಚಮಿ ಹತ್ತಿರ ಬಂದಾಗ ಗುಡ್ಡವ್ವನ ಅಜ್ಜಿ ಕರೆವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಶಾಲೆಗೆ ನುಗ್ಗಿದಳು. ಕೈಯಲ್ಲಿ ಅರ್ಧ ತಿಂದ ರಟ್ಟು.

"ಏನ್ರಿ ಅಕ್ಕೋರ, ನಮ್ಮ ಎಮ್ಮಿ ಕಮಲಿ ಇದನ್ನ ತಿಂದು ಹಾಲ ಬಿಡವಲ್ದು! ನಾಕ ಮಂದಿಗೆ ಕಾಣೂವಂಗ ಹೆಸರ ತೂಗಬಿಟ್ರ ದೃಷ್ಟಿ ಆಗದ ಇರತೈತೇನ್ರಿ? ಪಂಚಮಿಗೆ ನಾಗಪ್ಪಗ ಎರಿಯಾಕ ಹಾಲ ನೀವ್ ಕೊಡ್ತೀರೇನು?"

ಅಕ್ಕೋರು ರಟ್ಟನ್ನು ನೋಡಿದರು, ಮಕ್ಕಳ ಮುಖ ನೋಡಿದರು. ಜೋಳದ ಹಿಟ್ಟು ಬಳಿದದ್ದನ್ನು ಎಮ್ಮೆಯ ಮೂಗಿನ ಮುಂದೆ ಕಟ್ಟಿದರೆ ಅದೇನು ಓದುತ್ತ ನಿಲ್ಲುತ್ತದೆಯೇ? ಪೇಟೆಯ ಅಕ್ಕೋರಿಗೆ ಇದು ಹೊಳೆದಿರಲಿಲ್ಲ. ಮಕ್ಕಳಿಗೆ ಮೊದಲ ದಿನವೇ ಗೊತ್ತಾಗಿತ್ತು. ದನ ತಿಂದಷ್ಟೂ ಹೊಸದು ಬರೆಯಬಹುದಲ್ಲ ಎಂದು ಸುಮ್ಮನಿದ್ದರು.

"ತಪ್ಪಾತ್ರಿ ಅಮ್ಮಾ," ಎಂದರು ಅಕ್ಕೋರು. "ಸಂಜೀಕ ನಾನೇ ಬಂದು ನೋಡ್ತೀನಿ." ಹೇಳಿದ ಮೇಲೆಯೇ, ಎಮ್ಮೆ ನೋಡಲಿಕ್ಕೆ ಹೋಗಬೇಕು ಎನ್ನುವುದು ನೆನಪಾಯಿತು.

ಸಂಜೆ ಕೊಟ್ಟಿಗೆಯ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಕರೆವ್ವ ತಂಬಿಗೆ ಹಿಡಿದು ಕೂತಳು. ಕಮಲಿ ಕಾಲು ಝಾಡಿಸಿತು. ಒಂದು ಹನಿ ಹಾಲಿಲ್ಲ. ಗುಡ್ಡವ್ವ ಆಚೆ ಕಟ್ಟೆಯ ಮೇಲೆ ಬಗ್ಗಿ ಏನೋ ಬರೆಯುತ್ತಿದ್ದಳು.

"ದಿನಾ ಹಾಲು ಹಿಂಡೂ ಮುಂದ ಇಕಿ ಅಲ್ಲೇ ಇರ್ತಾಳೇನ್ರಿ?" ಎಂದು ಅಕ್ಕೋರು ಗುಡ್ಡವ್ವನತ್ತ ನೋಡಿ ಕೇಳಿದರು.

"ಇಲ್ರಿ, ಮೊದಲ ಎಮ್ಮಿ ಮುಂದನ ನಿಂದರತಿದ್ಲು. ಈಗ ನಿಮ್ಮ ಬರಿಯೂ ಹುಚ್ಚು ಹಿಡದು ಕಟ್ಟಿ ಬಿಟ್ಟ ಏಳವಲ್ಲಳು..." ಅಷ್ಟು ಹೇಳಿದವಳೇ ಕರೆವ್ವ ತಲೆ ಎತ್ತಿದಳು. ಕಮಲಿಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. "ಗುಡ್ಡೀ, ಲಗೂ ಬಾ ಇಲ್ಲೆ!"

ಗುಡ್ಡವ್ವ ಓಡಿಬಂದು ಎಮ್ಮೆಯ ಕೊರಳು ತಬ್ಬಿಕೊಂಡಳು. "ಕಮಲೀ, ನನ್ನ ಮ್ಯಾಲ ಸಿಟ್ಟ ಬಂತೇನ? ಇವತ್ತ ಸಾಲ್ಯಾಗ ಏನಾತು ಗೊತ್ತೇನ..." ಎಂದು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ತಂಬಿಗೆಯಲ್ಲಿ ಹಾಲು ಸೊರ್ರೆಂದು ಬಿತ್ತು. ಅಕ್ಕೋರು ಚೌಕಟ್ಟು ಬಿಟ್ಟು ಬಾಯಿ ತೆರೆದುಕೊಂಡು ನಿಂತರು. ಇಷ್ಟು ಮಾತು ಈ ಕೂಸಿನ ಹೊಟ್ಟೆಯಲ್ಲಿತ್ತೇ!

"ಗುಡ್ಡವ್ವಾ, ನಾಳಿಂದ ಕಮಲಿ ಮುಂದ ಕೂತು ಬರಿ. ಬರದದ್ದು ಅಕಿಗೇ ಓದಿ ಹೇಳು. ನನಗ ಓದಿ ತೋರಸಬ್ಯಾಡ," ಎಂದರು. ಕರೆವ್ವನ ಕಡೆ ತಿರುಗಿ, "ತೂಗಹಾಕೂದು ಬ್ಯಾಡ್ರಿ. ಓದಿದ ಮ್ಯಾಲ ಅಕಿ ತಿನ್ಲಿ ಬಿಡ್ರಿ" ಎಂದರು. ತುಂಬಿದ ತಂಬಿಗೆ ಕೈಯಲ್ಲಿರುವಾಗ ಕರೆವ್ವ ಯಾಕೆ ಬೇಡವೆಂದಾಳು?

ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಶಾಲೆ ಬಿಡುವ ಹೊತ್ತಿಗೆ ಶೇಖಪ್ಪ ಬಂದು ಮಗಳ ಮುಂದೆ ಪುಸ್ತಕ ಹಿಡಿದ. ಗುಡ್ಡವ್ವ ನೆಲ ನೋಡಿದಳು.

"ನೋಡಿದ್ರೆಲ್ಲ ಅಕ್ಕೋರ? ಹಬ್ಬ ಮುಗದ ಕೂಡ್ಲೆ ವ್ಯಾನಿಗೆ ಕಳಸ್ತೇನಿ."

ಅಕ್ಕೋರು ಬಿಡಲಿಲ್ಲ. "ಹಾಲು ಹಿಂಡೂ ತನಕ ತಡೀರಿ. ನಾನೂ ನಿಮ್ಮ ಮನೀಗೆ ಬರ್ತೀನಿ. ಸಪ್ಪಳ ಮಾತ್ರ ಮಾಡಬ್ಯಾಡ್ರಿ."

ಇಬ್ಬರೂ ಕೊಟ್ಟಿಗೆಯ ಬಾಗಿಲ ಮರೆಗೆ ನಿಂತರು. ಒಳಗೆ ಗುಡ್ಡವ್ವ ರಟ್ಟು ಹಿಡಿದು ಓದುತ್ತಿದ್ದಳು. "ಕಮಲಿ, ನಾಳೆ ಪಂಚಮಿ. ನಿನಗೂ ಉಂಡಿ ಕೊಡತೇನಿ."

"ಬಾಯಿಗೆ ಬಂದದ್ದು ಅಂತಿರಬೇಕ್ರಿ," ಎಂದು ಪಿಸುಗುಟ್ಟಿ ಶೇಖಪ್ಪ ತುದಿಗಾಲಲ್ಲಿ ಹೋಗಿ ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದ. ಅವಳ ಬೆರಳು ಅಕ್ಷರದಿಂದ ಅಕ್ಷರಕ್ಕೆ ಸರಿಯುತ್ತಿತ್ತು. ಒಂದು ಕಡೆ ತಡವರಿಸಿದಳು, ಬೆರಳು ಹಿಂದೆ ತಂದಳು, ಮತ್ತೆ ಓದಿದಳು.

"ನಮ್ಮ ಅಕ್ಕೋರು... ನಿನಗ ಅಂಜತಾರ. ದಿನಾ ಕಟ್ಟಿ ಹತ್ತಿ ನಿಂದರತಾರ. ಅವರಿಗೆ ಹಾಯಬ್ಯಾಡ. ಅವರು ಭಾಳ ಚಲೋ ಅದಾರ."

ಶೇಖಪ್ಪ ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಬಂದ. ನಗುತ್ತಿದ್ದ, ಕಣ್ಣು ಒದ್ದೆಯಾಗಿದ್ದವು.

"ನಿಮಗ ಎಮ್ಮಿ ಅಂದ್ರ ಅಂಜಿಕಿ ಅಂತ ಊರಿಗೆಲ್ಲಾ ಗೊತ್ತೈತ್ರಿ ಅಕ್ಕೋರ. ನನ್ನ ಮಗಳಿಗೆ ಓದಾಕ ಬರತೈತಿ ಅಂತ ನನಗಷ್ಟ ಗೊತ್ತಿರಲಿಲ್ಲ ನೋಡ್ರಿ. ವ್ಯಾನಿನವಗ ಬರಬ್ಯಾಡ ಅಂತ ಹೇಳ್ತೇನಿ."

ಅಕ್ಕೋರಿಗೆ ನಾಚಿಕೆ, ನಗು, ಅಳು ಎಲ್ಲ ಒಟ್ಟಿಗೇ ಬಂದವು. ಯಾವ ಧೈರ್ಯದಲ್ಲೋ ಒಳಗೆ ಕಾಲಿಟ್ಟರು. ಗುಡ್ಡವ್ವ ಬೆಚ್ಚಿ ತಿರುಗಿದಳು. ಈ ಸಲ ಅವಳು ನೆಲ ನೋಡಲಿಲ್ಲ.

"ಬರ್ರಿ ಅಕ್ಕೋರ. ಹಾಯಂಗಿಲ್ಲ. ಹೇಳೇನಿ ಅಕಿಗೆ."

ಅವಳು ಅಕ್ಕೋರಿಗೆ ಆಡಿದ ಮೊದಲ ಮಾತು ಅದು. ಅಕ್ಕೋರು ಕೈ ಚಾಚಿ ಕಮಲಿಯ ಹಣೆ ಮುಟ್ಟಿದರು. ಬೆಚ್ಚಗಿತ್ತು. ಕಮಲಿ ನಾಲಿಗೆ ಹೊರಚಾಚಿ, ಓದಿ ಮುಗಿದ ರಟ್ಟನ್ನು ಗುಡ್ಡವ್ವನ ಕೈಯಿಂದ ಎಳೆದುಕೊಂಡು ಅಗಿಯತೊಡಗಿತು.